ಡಬ್ಬಿ ಅಸಲಿ, ಮಾಲು ನಕಲಿ

ಬಮ್ಮಿಗಟ್ಟಿಯಿಂದ ಪ್ಯಾಟಿಗೆ ಬಂದ ರೈತ ಬೈಕಿಗೆ ಬ್ರೇಕ್ ಲೈನರ್ ಕೇಳಿದರೆ ಅಂಗಡಿಯಲ್ಲಿ ಎದುರಾಗುವ ಮಾತು ಒಂದೇ: "ಅಣ್ಣಾರ, ಓರಿಜಿನಲ್ ಕೊಡ್ಲೋ, ಡುಪ್ಲಿಕೇಟ್ ನಡೀತೈತೋ?" ಕೇಳುವವನಿಗೂ ಸಂಕೋಚವಿಲ್ಲ, ಹೂಂ ಅನ್ನುವವನಿಗೂ ಅಂಜಿಕೆಯಿಲ್ಲ.

ಡುಪ್ಲಿಕೇಟ್ ಎಲ್ಲಿಯವರೆಗೆ ನಡೀತೈತಿ ಎಂಬುದಕ್ಕೆ ಆಕಾಶದಲ್ಲೊಂದು ಸಾಕ್ಷಿಯುಂಟು. 1989ರ ಸೆಪ್ಟೆಂಬರ್ 8ರಂದು ನಾರ್ವೆಯ ಓಸ್ಲೋದಿಂದ ಜರ್ಮನಿಯ ಹ್ಯಾಂಬರ್ಗಿಗೆ ಹೊರಟ ವಿಮಾನವೊಂದು ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿತ್ತು. ಇದ್ದವರು 55 ಜನ, ಒಬ್ಬರೂ ಉಳಿಯಲಿಲ್ಲ. ಬಾಲದ ರೆಕ್ಕೆಯನ್ನು ಹಿಡಿದಿದ್ದ ನಕಲಿ ಬೋಲ್ಟುಗಳಿಗೆ ಬೇಕಾದ ಗಟ್ಟಿತನವೇ ಇರಲಿಲ್ಲ ಎಂದು ತನಿಖೆಯಲ್ಲಿ ಹೊರಬಿತ್ತು.

ಸಣ್ಣ ವಿಮಾನದ ಪಾಡು ಇನ್ನೂ ನಾಜೂಕು. ಹೆಚ್ಚಿನವಕ್ಕೆ ಎಂಜಿನ್ ಒಂದೇ. ಅದು ನಿಂತರೆ ಕೆಳಗಿನ ಹೊಲವೇ ಗತಿ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ಬಳಿ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊಲಕ್ಕಿಳಿಯಿತು. ಒಳಗಿದ್ದ ಇಬ್ಬರೂ ಸಣ್ಣ ಗಾಯದಲ್ಲೇ ಪಾರಾದರು. ಅದನ್ನು ನಕಲಿ ಮಾಲಿನ ತಲೆಗೆ ಕಟ್ಟುವಂತಿಲ್ಲ. ಆದರೆ ಮೇಲೆ ಹೋದ ಯಂತ್ರ ಕೈಕೊಟ್ಟರೆ ಬದಿಗೆ ನಿಲ್ಲಿಸಿ ಮೇಸ್ತ್ರಿಯನ್ನು ಕರೆಯಲಾಗದು ಎಂಬುದಂತೂ ಖರೆ.

ಅದಕ್ಕೇ ವಿಮಾನದ ಭಾಗಕ್ಕೆ ಜಾತಕ ಬೇಕು: ಮಾಡಿದವರಾರು, ಪರೀಕ್ಷಿಸಿದವರಾರು ಎಂಬ ಪ್ರಮಾಣಪತ್ರ, ಕೂಡಿಸಿದ ಎಂಜಿನಿಯರನ ಸಹಿ. ಆಯುಷ್ಯ ಮುಗಿದ ಭಾಗ ತಿರುಗಿ ಮಾರಾಟಕ್ಕೆ ಬಾರದಂತೆ ಕತ್ತರಿಸಿ ಗುಜರಿಗೆ ಹಾಕುವುದು ಪದ್ಧತಿ. ಇಷ್ಟಿದ್ದೂ ಲಂಡನ್ನಿನ ಕಂಪನಿಯೊಂದು ಸುಳ್ಳು ಕಾಗದ ಹಚ್ಚಿ ಎಂಜಿನ್ ಭಾಗ ಮಾರಿದ್ದು 2023ರಲ್ಲಿ ಬಯಲಾಯಿತು.

ಜಾತಕ ಕೇಳುವಲ್ಲೇ ಹೀಗಾದರೆ, ಏನನ್ನೂ ಕೇಳದ ಹಳ್ಳಿ ಹಾದಿಯ ಗತಿ ಏನು? ಬಸ್ಸು ತಪ್ಪಿದವರು ಟಂಟಂ ಏರುತ್ತಾರೆ. ಅಷ್ಟು ಜೀವ ನಂಬಿ ಕೂತ ಗಾಡಿಯ ಬ್ರೇಕು ಯಾವ ಮಾಲಿನದು ಎಂದು ವಿಚಾರಿಸುವವರಿಲ್ಲ. ಅಗ್ಗ ಅಂತ ಮುಗ್ಗಲು ಜೋಳ ತಂದರೆ ಒಂದು ಹೊತ್ತಿನ ರೊಟ್ಟಿ ಕೆಡುತ್ತದೆ. ಅಗ್ಗದ ಬ್ರೇಕಿನಿಂದ ಮನೆಯೇ ಕೆಡುತ್ತದೆ.

ಸಣ್ಣ ಕಂಪನಿ ತನ್ನದೇ ಹೆಸರಿನಲ್ಲಿ ಮಾಡಿದ ಮಾಲು ನಕಲಿಯಲ್ಲ. ಮತ್ತೊಬ್ಬರ ಹೆಸರು ಕದ್ದದ್ದು ನಕಲಿ. ಅಂಥ ಮಾಲು ಮಾರಿದವನಿಗೆ 1999ರ ಟ್ರೇಡ್ ಮಾರ್ಕ್ ಕಾಯ್ದೆಯಂತೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಪ್ರಾಮಾಣಿಕ ವ್ಯಾಪಾರಸ್ಥರಿಗೂ ಇದರಿಂದ ಹಾನಿಯೇ. ಪಕ್ಕದಂಗಡಿಯ ನಕಲಿಯ ದರಕ್ಕೆ ಅವರು ಅಸಲಿ ಕೊಡುವುದೆಲ್ಲಿಂದ?

ಗಿರಾಕಿ ಮಾಡಬೇಕಾದದ್ದು ಎರಡೇ ಕೆಲಸ. ಬಿಲ್ಲು ಇಲ್ಲದೆ ಸಾಮಾನು ಒಯ್ಯಬಾರದು. ಮೋಸವಾದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅದೇ ಆಧಾರ. ಹೊಸ ಭಾಗ ಕೂಡಿಸಿದ ಮೇಲೆ ಖಾಲಿ ಡಬ್ಬಿಯನ್ನು ಹರಿದೇ ಒಗೆಯಬೇಕು. ಇಡಿಯಾಗಿ ಬಿಟ್ಟ ಅಸಲಿ ಡಬ್ಬಿಯೊಳಗೇ ನಾಳೆ ನಕಲಿ ಮಾಲು ಕೂಡುತ್ತದೆ.

ಉಳಿದದ್ದು ಅಧಿಕಾರಿಗಳ ಕೆಲಸ. ಅಪಘಾತವಾದ ಮೇಲೆ ಪಂಚನಾಮೆ ಬರೆಯುವ ಬದಲು, ಮೊದಲೇ ಅಂಗಡಿ ಗ್ಯಾರೇಜುಗಳ ಕಪಾಟು ತೆರೆಸಿ ನೋಡುವರೇ?