ಸೈಕಲ್ಲಿಗೊಂದು ದಾರಿ

ಊರಿನ ಏಳಿಗೆಯನ್ನು ಅಲ್ಲಿನ ಕಟ್ಟಡಗಳ ಎತ್ತರದಿಂದಲೂ ರಸ್ತೆಗಳ ಅಗಲದಿಂದಲೂ ಅಳೆಯುವುದು ಜನರ ವಾಡಿಕೆ. ಅದಕ್ಕಿಂತ ಸರಿಯಾದ ಅಳತೆಗೋಲು ಮತ್ತೊಂದುಂಟು. ಆ ಊರಿನ ಬೀದಿಯಲ್ಲಿ ಹದಿಮೂರು ವರ್ಷದ ಬಾಲಕಿಯೊಬ್ಬಳು ಸೈಕಲ್ಲೇರಿ ನಿರ್ಭಯವಾಗಿ ಶಾಲೆಗೆ ಹೋಗಿಬರಬಲ್ಲಳೆ? ಬಳ್ಳಾರಿ ನಗರಕ್ಕೂ ಅದರ ನೆರೆಯ ಸಿರುಗುಪ್ಪ, ಕುರುಗೋಡುಗಳಿಗೂ ಈ ಪ್ರಶ್ನೆಯನ್ನು ಹಾಕಿ ನೋಡಿದರೆ ಸಮಾಧಾನಕರವಾದ ಉತ್ತರ ದೊರೆಯುವುದಿಲ್ಲ.

ಸೈಕಲ್ಲು ಬಡವರ ವಾಹನ. ಅದಕ್ಕೆ ಎಣ್ಣೆಯ ಖರ್ಚಿಲ್ಲ. ಅದು ಹೊಗೆ ಕಾರುವುದಿಲ್ಲ. ಹಾಲು ಮಾರುವವನಿಗೆ, ತರಕಾರಿ ಮಾರುವವನಿಗೆ, ಕೂಲಿಗೆ ಹೋಗುವವನಿಗೆ ಅದು ಜೀವನೋಪಾಯದ ಸಾಧನ. ಹಳ್ಳಿಯ ಮಕ್ಕಳಿಗೆ ಅದು ವಿದ್ಯೆಯ ಬಾಗಿಲನ್ನೇ ತೆರೆಯಬಲ್ಲದು. ಇದನ್ನು ಮನಗಂಡೇ ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ದೂರವೆಂಬ ಕಾರಣದಿಂದ ಏಳನೆಯ ತರಗತಿಗೇ ಓದು ನಿಲ್ಲಿಸುತ್ತಿದ್ದ ಹೆಣ್ಣುಮಕ್ಕಳಿಗೆ ಇದರಿಂದ ದೊಡ್ಡ ಆಸರೆ ದೊರೆಯಿತು. ಕೋವಿಡ್ ಪಿಡುಗಿನ ಕಾಲದಲ್ಲಿ ಈ ವಿತರಣೆ ನಿಂತುಹೋಯಿತು. ಆದರೆ ಯೋಜನೆ ನಡೆದಷ್ಟು ಕಾಲವೂ ಒಂದು ಕೊರತೆ ಉಳಿದೇ ಇತ್ತು. ಮಕ್ಕಳ ಕೈಗೆ ಸೈಕಲ್ಲು ಬಂತು. ಆ ಸೈಕಲ್ಲಿಗೆ ದಾರಿ ಬರಲಿಲ್ಲ. 2006ರಲ್ಲಿಯೇ ಭಾರತ ಸರ್ಕಾರವು ಪ್ರಕಟಿಸಿದ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ರಸ್ತೆಯಲ್ಲಿ ವಾಹನಗಳ ಸಂಚಾರಕ್ಕಿಂತ ಜನರ ಸಂಚಾರಕ್ಕೆ ಪ್ರಾಶಸ್ತ್ಯ ದೊರೆಯಬೇಕೆಂದು ಸಾರಿತ್ತು. ನೀತಿ ಕಾಗದದಲ್ಲಿ ಉಳಿಯಿತು, ಬೀದಿಗೆ ಇಳಿಯಲಿಲ್ಲ.

ಈ ಮೂರು ಊರುಗಳ ತೊಂದರೆ ಒಂದೇ ಬಗೆಯದಲ್ಲ. ಬಳ್ಳಾರಿ ನಗರದಲ್ಲಿ ಕೋಟೆಯ ಗುಡ್ಡದ ಸುತ್ತಲಿನ ಪೇಟೆಬೀದಿಗಳು ಇಕ್ಕಟ್ಟಾದವು. ನಗರದ ಹೊರವಲಯದಲ್ಲಿಯಾದರೋ ವಾಹನಗಳ ವೇಗ ಹೆಚ್ಚು. ಸಿರುಗುಪ್ಪವು ಭತ್ತದ ನಾಡು. ಬಳ್ಳಾರಿಯಿಂದ ಸಿರುಗುಪ್ಪದ ಮೂಲಕ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಸಾಲಿನ ಪಕ್ಕದಲ್ಲಿಯೇ ಸೈಕಲ್ಲಿನವನೂ ಸಾಗಬೇಕು. ದೊಡ್ಡಬಸವೇಶ್ವರನ ನೆಲೆಯಾದ ಕುರುಗೋಡಿನ ಸುತ್ತಲಿನ ಹಳ್ಳಿಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳ ಭಯ. ಸುಗ್ಗಿಯಲ್ಲಿ ರಸ್ತೆಯ ಅಂಚಿನಲ್ಲಿ ಭತ್ತವನ್ನು ಒಣಹಾಕಿದಾಗ ಸೈಕಲ್ಲಿನವನು ರಸ್ತೆಯ ನಡುವಿಗೆ ಸರಿಯದೆ ಗತ್ಯಂತರವಿಲ್ಲ. ರೈತನನ್ನು ದೂರಿ ಫಲವಿಲ್ಲ. ಊರಿಗೊಂದು ಒಕ್ಕಣೆಯ ಕಣ ಇಲ್ಲದಿರುವಾಗ ಅವನು ತಾನೆ ಏನು ಮಾಡಿಯಾನು?

ಇರುವ ರಸ್ತೆಯೇ ಸಾಲದಿರುವಾಗ ಸೈಕಲ್ಲಿಗೆ ಬೇರೆ ದಾರಿ ಎಲ್ಲಿಂದ ತರುವುದು ಎಂದು ಕೆಲವರು ಆಕ್ಷೇಪಿಸಬಹುದು. ಒಂದು ಕಾರು ನಿಂತ ಜಾಗದಲ್ಲಿ ಹಲವು ಸೈಕಲ್ಲುಗಳು ನಿಲ್ಲಬಲ್ಲವು ಎಂಬುದನ್ನು ಅವರು ಮರೆಯಬಾರದು. ರಸ್ತೆ ನಿಜವಾಗಿಯೂ ಕಿರಿದಾಗಿರುವಲ್ಲಿ ವೇಗವನ್ನು ತಗ್ಗಿಸುವುದೇ ಉಪಾಯ. ಗಂಟೆಗೆ 60 ಕಿಲೋಮೀಟರು ವೇಗದ ವಾಹನದ ಚಲನಶಕ್ತಿಯು 30 ಕಿಲೋಮೀಟರು ವೇಗದ ಅದೇ ವಾಹನಕ್ಕಿಂತ ಇಮ್ಮಡಿಯಲ್ಲ, ನಾಲ್ಮಡಿ ಎಂಬುದು ಭೌತಶಾಸ್ತ್ರದ ಪಾಠ. ಈ ಅಂತರದಲ್ಲಿ ಒಂದು ಜೀವದ ಅಳಿವು ಉಳಿವು ಅಡಗಿದೆ. ಬಳ್ಳಾರಿಯ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಸೈಕಲ್ಲು ತುಳಿಯುವವರಾರು ಎಂಬ ಇನ್ನೊಂದು ಮಾತೂ ಉಂಟು. ಬೇರೆ ವಾಹನವಿಲ್ಲದವನು ಆ ಬಿಸಿಲಿನಲ್ಲಿಯೂ ತುಳಿಯಲೇಬೇಕು. ಅವನಿಗೆ ದಾರಿಯ ಬದಿಯಲ್ಲಿ ಬೇವಿನ, ಹೊಂಗೆಯ ನೆರಳು ಬೇಕೆಂಬುದನ್ನು ಈ ಮಾತು ತೋರಿಸುತ್ತದೆಯೇ ಹೊರತು, ದಾರಿಯೇ ಬೇಡವೆಂದಲ್ಲ.

ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ದೇಶವೂ ಮೊದಲು ಇದೇ ಕಷ್ಟವನ್ನು ಕಂಡಿತ್ತು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ವಾಹನಾಪಘಾತಗಳಿಂದ ಮಡಿದರು. ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದರು. ಮುಂದೆ ಊರೂರಿನಲ್ಲಿ ಸೈಕಲ್ಲಿನ ಪ್ರತ್ಯೇಕ ದಾರಿಗಳು ಮೂಡಿದವು. ಆ ದಾರಿಗಳು ಜನರ ಒತ್ತಾಯದಿಂದ ಹುಟ್ಟಿದವು.

ಇಲ್ಲಿಯೂ ಆಗಬೇಕಾದ ಕೆಲಸ ಅಸಾಧ್ಯವಾದುದಲ್ಲ. ಬಳ್ಳಾರಿಯ ಅಗಲವಾದ ರಸ್ತೆಗಳಲ್ಲಿ ಕಲ್ಲಿನ ಅಂಚು ಕಟ್ಟಿ ಸೈಕಲ್ಲಿನ ದಾರಿಯನ್ನು ಬೇರ್ಪಡಿಸಬೇಕು. ಬರಿಯ ಬಣ್ಣದ ಗೆರೆ ಎಳೆದರೆ ಮರುದಿನವೇ ಅದರ ಮೇಲೆ ವಾಹನಗಳು ನಿಲ್ಲುತ್ತವೆ. ಶಾಲೆಗಳ ಮುಂದೆ ವೇಗದ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಸಿರುಗುಪ್ಪದಲ್ಲಿ ಹೆದ್ದಾರಿಯ ಎರಡು ಬದಿಗೂ ಗಟ್ಟಿಯಾದ ಪಕ್ಕದ ದಾರಿ ಬೇಕು. ಕುರುಗೋಡಿನ ಸುತ್ತಲಿನ ಹಳ್ಳಿಗಳಿಗೆ ಬೀದಿದೀಪಗಳೂ, ಕಾಳು ಒಣಗಿಸುವ ಕಣಗಳೂ ಬೇಕು. ಸೈಕಲ್ಲಿನವರೂ ಎಡಬದಿಯಲ್ಲಿ ಸಾಗುವ, ರಾತ್ರಿ ದೀಪ ಹಚ್ಚುವ ನಿಯಮವನ್ನು ಮೀರಬಾರದು.

ರಸ್ತೆ ಸಾರ್ವಜನಿಕರ ಸೊತ್ತು. ದೊಡ್ಡ ವಾಹನವುಳ್ಳವನಿಗೆ ದೊಡ್ಡ ಹಕ್ಕು, ಸಣ್ಣ ವಾಹನವುಳ್ಳವನಿಗೆ ಸಣ್ಣ ಹಕ್ಕು ಎಂಬ ನಿಯಮ ಅಲ್ಲಿ ಸಲ್ಲದು. ಶಾಲೆಗೆ ಹೋದ ಮಗು ಸಂಜೆ ಕ್ಷೇಮವಾಗಿ ಮನೆಗೆ ಮರಳುವಂತೆ ಮಾಡುವುದು ನಗರಸಭೆ ಪುರಸಭೆಗಳ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ಪ್ರಜೆಗಳ ಕರ್ತವ್ಯ.