ಆನೆಗೆ ರಾಗಿ, ಮಕ್ಕಳಿಗೆ ಪೊಟ್ಟಣವೇ?

ದುಬಾರೆ ಶಿಬಿರದ ಆನೆಗಳಿಗೆ ಬೆಲ್ಲ ಸೇರಿಸಿದ ರಾಗಿಮುದ್ದೆ ತಿನ್ನಿಸುವುದನ್ನು ನೋಡಲು ಪ್ರವಾಸಿಗರು ಕಾವೇರಿ ದಾಟಿ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಸ್ವಂತ ಮಕ್ಕಳ ಕೈಗಿಡುವುದು ಮಾತ್ರ ಉಪ್ಪು, ಎಣ್ಣೆಯ ಚಿಪ್ಸ್ ಪೊಟ್ಟಣ! ಇದೆಂಥ ನ್ಯಾಯ ಸ್ವಾಮಿ?

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಹುರಿದ ರಾಗಿಹಿಟ್ಟಿಗೆ ಕಡಲೆಕಾಯಿ, ಎಳ್ಳು ಹುರಿದು ಪುಡಿಮಾಡಿ ಹಾಕಿ, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿದರೆ ನಾಲ್ಕು ದಿನ ಕೆಡದು. ತಿಂಡಿಗೂ ಊಟಕ್ಕೂ ನಡುವೆ ಒಂದು ಉಂಡೆ ಸಾಕು, ಹಸಿವು ತಡೆದೀತು.

ಹೊಳೆದಂಡೆಯಲ್ಲಿ ಈ ಉಂಡೆ ಮಾರಲು ಮಾವುತ, ಕಾವಾಡಿಗರ ಹಾಡಿಯ ಹೆಂಗಸರಿಗೆ ಸಂಬಂಧಪಟ್ಟವರು ಜಾಗ ಕೊಡಲಿ. ಪೊಟ್ಟಣದ ಕಸ ಕಾವೇರಿಗೆ ಬೀಳುವುದು ಕಡಿಮೆಯಾದೀತು; ನಾಲ್ಕು ಕಾಸೂ ಹಾಡಿಯಲ್ಲೇ ಉಳಿದೀತು. ಆನೆಗೆ ಒಪ್ಪುವ ರಾಗಿ ಮನುಷ್ಯನಿಗೇಕೆ ಬೇಡ?