ಸರ್ವಜ್ಞ ಯಾರ ಮಗ?

ಫೆಬ್ರುವರಿ 20ರ ಸರ್ವಜ್ಞ ಜಯಂತಿ ಸಮೀಪಿಸಿದಂತೆ ಒಂದು ಹಳೆಯ ಚರ್ಚೆ ಮತ್ತೆ ತಲೆಯೆತ್ತುವುದುಂಟು. ಸಾಲದ ಮಾತು ಬಂದರೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೂ, ಬಿತ್ತನೆಯ ಮಾತು ಬಂದರೆ ರಾಣೆಬೆನ್ನೂರಿನ ರೈತನೂ ಯಾರ ತ್ರಿಪದಿಯನ್ನು ನೆನೆಯುತ್ತಾರೋ ಆ ಕವಿಯ ತಂದೆತಾಯಿಗಳು ಯಾರೆಂಬುದೇ ಆ ಚರ್ಚೆ.

ಜನಜನಿತವಾದ ಕಥೆ ಎಲ್ಲರಿಗೂ ತಿಳಿದದ್ದೇ. ಮಾಸೂರಿನ ಶೈವ ಬ್ರಾಹ್ಮಣ ಬಸವರಸನಿಗೆ ಮಕ್ಕಳಿರಲಿಲ್ಲ. ಅವನು ಕಾಶಿಯಾತ್ರೆ ಮಾಡಿ ಹಿಂದಿರುಗುವಾಗ ಅಬಲೂರಿನಲ್ಲಿ ಕುಂಬಾರರ ಮಾಳಿಯ ಮನೆಯಲ್ಲಿ ತಂಗಿದನು. ಅವಳಲ್ಲಿ ಸರ್ವಜ್ಞ ಜನಿಸಿದನು. ಮಾಳಿ ವಿಧವೆಯಾಗಿದ್ದಳೆಂದೂ ಹೇಳುತ್ತಾರೆ. ಈ ವೃತ್ತಾಂತಕ್ಕೆ ಆಧಾರವೆಂದರೆ ಸರ್ವಜ್ಞನ ಬಾಯಲ್ಲೇ ಬರುವ ಕೆಲವು ತ್ರಿಪದಿಗಳು. ಅವು ಪ್ರಕ್ಷಿಪ್ತ, ಅಂದರೆ ಅನಂತರ ಯಾರೋ ಸೇರಿಸಿದವು, ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಕವಿಯ ಕಾಲವೇ 16ನೆಯ ಶತಮಾನವೋ 17ನೆಯದೋ ಎಂದು ನಿರ್ಣಯವಾಗಿಲ್ಲ.

ಇಲ್ಲಿ ಒಬ್ಬ ಕ್ರೈಸ್ತ ಪಾದ್ರಿಯನ್ನು ಸ್ಮರಿಸಲೇಬೇಕು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ ಸಭೆಗೆ ಸೇರಿದವರು, ನಮ್ಮ ಧರ್ಮಸಭೆಯವರಲ್ಲ. ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ವರ್ಷಗಟ್ಟಲೆ ತ್ರಿಪದಿಗಳನ್ನು ಆಯ್ದು, ಪಾಠಗಳನ್ನು ಹೋಲಿಸಿ, 1924ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಂತಹ ಸಂಗ್ರಹಕಾರರಿಗೆ ಎದುರಾದ ತೊಡಕು ಸಣ್ಣದಲ್ಲ. ಕೊನೆಯಲ್ಲಿ 'ಸರ್ವಜ್ಞ' ಎಂಬ ಅಂಕಿತವಿಟ್ಟರೆ ಯಾರ ಮೂರು ಸಾಲೂ ಸರ್ವಜ್ಞನದಾಗಿಬಿಡುತ್ತದೆ. ಜನ್ಮವೃತ್ತಾಂತದ ಪದ್ಯಗಳು ಹಾಗೆ ಸೇರಿರಲಾರವು ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು.

ಆ ಪದ್ಯಗಳು ಸರ್ವಜ್ಞನವೇ ಎಂದು ಒಪ್ಪಿದರೂ ಪ್ರಶ್ನೆ ತೀರುವುದಿಲ್ಲ. ತನ್ನ ಹುಟ್ಟಿಗೆ ತಾನೇ ಸಾಕ್ಷಿಯಾಗಬಲ್ಲವರು ಯಾರಿದ್ದಾರೆ? ಸಂತ ಅಗಸ್ತೀನರು ನಂಬಿಕೆಯ ಕುರಿತು ಬರೆಯುವಾಗ ಇದನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ. ಇವರೇ ನನ್ನ ತಂದೆ ಎಂದು ಮಗು ಅರಿಯುವುದು ತಾಯಿಯ ಮಾತಿನಿಂದ. ಆ ಮಾತನ್ನು ನಂಬದಿದ್ದರೆ ತಂದೆಗೆ ಸಲ್ಲಬೇಕಾದ ಗೌರವವೂ ನಿಂತುಹೋಗುತ್ತದೆ ಎಂಬುದು ಅವರ ತರ್ಕ. ಆದುದರಿಂದ ಈ ಕಥೆಯ ನಿಜವಾದ ಸಾಕ್ಷಿ ಮಾಳಿಯೊಬ್ಬಳೇ. ಅವಳ ಮಾತು ನಮ್ಮವರೆಗೆ ಬಂದಿಲ್ಲ. ಬಂದಿರುವುದು ಅವಳ ಮೇಲೆ ಇತರರು ಆಡಿದ ಮಾತು. ಬಸವರಸನ ವಂಶ, ಯಾತ್ರೆ, ಹರಕೆಗಳನ್ನು ವರ್ಣಿಸುವವರು ಮಾಳಿಯ ಬಗ್ಗೆ ಹೇಳುವುದು ಎಷ್ಟು? ಜಾತಿ, ಹೆಸರು, ಒಂದು ರಾತ್ರಿ.

ಪದ್ಯಗಳನ್ನು ತಿರಸ್ಕರಿಸುವವರಲ್ಲಿ ಎರಡು ಬಗೆ. ಭಾಷೆ, ಛಂದಸ್ಸು, ಹಸ್ತಪ್ರತಿಗಳನ್ನು ಪರಿಶೀಲಿಸಿ ಸಂಶಯಪಡುವವರ ಮಾತಿಗೆ ನಾವು ಕಿವಿಗೊಡಬೇಕು. ಇನ್ನು ಕೆಲವರ ವಾದ ಹೀಗಿದೆ: ಇಷ್ಟು ದೊಡ್ಡ ಜ್ಞಾನಿ ಹಾಗೆ ಹುಟ್ಟಿರಲು ಸಾಧ್ಯವೇ? ತರ್ಕಶಾಸ್ತ್ರದಲ್ಲಿ ಇದಕ್ಕೆ ಸ್ಥಾನವಿಲ್ಲ. ನಾಚಿಕೆ ಒಂದು ಪ್ರಮಾಣವಲ್ಲ. ಅದನ್ನೇ ಪ್ರಮಾಣವೆಂದು ಹಿಡಿದರೆ ತಿರುಗಿಯೂ ವಾದಿಸಬಹುದು: ಪೂಜ್ಯನಾದವನಿಗೆ ಇಲ್ಲದ ಕಳಂಕವನ್ನು ಅಭಿಮಾನಿಗಳೇಕೆ ಕಟ್ಟಿಯಾರು? ನಾನು ಆ ವಾದವನ್ನೂ ಪೂರ್ತಿ ಒಪ್ಪುವವನಲ್ಲ. ಜನಪದಕ್ಕೆ ವಿಚಿತ್ರ ಜನ್ಮಕಥೆಗಳ ಮೇಲೆ ಮೋಹ ಹೆಚ್ಚು. ನಿರ್ಣಯವಾಗಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಆದರೆ ಕುಲದ ಮಾನ ಉಳಿಸಲೆಂದು ಮಾಳಿಯನ್ನು ಕಥೆಯಿಂದಲೇ ಅಳಿಸಹೊರಡುವುದು ಅಪ್ರಾಮಾಣಿಕ. ಜಾತಿಯ ಅಹಂಕಾರವನ್ನು ಅಷ್ಟು ಹರಿತವಾಗಿ ತಿವಿದ ಕವಿಗೆ ಕುಲವನ್ನು ಶುದ್ಧಿಮಾಡಿಕೊಡುವ ಉಪಕಾರ ಬೇಕಿರಲಿಲ್ಲ.

ಹಾಗಾದರೆ ಕಥೋಲಿಕರಾದ ನಮಗೆ ಇದರಲ್ಲೇನು ಎಂದು ಓದುಗರು ಕೇಳಬಹುದು. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯವನ್ನು ತೆರೆಯಿರಿ. ಪ್ರಭು ಯೇಸುವಿನ ವಂಶಾವಳಿಯಲ್ಲಿ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಊರೀಯನ ಹೆಂಡತಿಯಿದ್ದಾಳೆ. ಮುಚ್ಚಿಡಲು ಮತ್ತಾಯನಿಗೆ ಅವಕಾಶವಿತ್ತು, ಮುಚ್ಚಿಡಲಿಲ್ಲ. ಅಗಸ್ತೀನರ ಮಗ ಅದೆಯೊದಾತನೂ ವಿವಾಹದ ಹೊರಗೆ ಹುಟ್ಟಿದವನು. ಆ ಹೆಸರನ್ನು ಕನ್ನಡಕ್ಕೆ ತಂದರೆ ದೇವದತ್ತ ಎಂದಾಗುತ್ತದೆ. 387ರ ಪಾಸ್ಕ ಹಬ್ಬದಂದು ಮಿಲಾನಿನಲ್ಲಿ ತಂದೆಮಗ ಇಬ್ಬರೂ ಒಟ್ಟಿಗೆ ಜ್ಞಾನಸ್ನಾನ ಪಡೆದರು.

ಧರ್ಮಸಭೆಯೂ ಈ ವಿಷಯದಲ್ಲಿ ನಿಧಾನವಾಗಿ ಕಲಿತಿದೆ. 1917ರ ಕಾನೂನು ಸಂಹಿತೆಯಲ್ಲಿ ವಿವಾಹದ ಹೊರಗಿನ ಜನನ ಗುರುದೀಕ್ಷೆಗೆ ಅಡ್ಡಿಯಾಗಿತ್ತು. 1983ರ ಸಂಹಿತೆ ಆ ಅಡ್ಡಿಯನ್ನು ಕೈಬಿಟ್ಟಿತು. ನಮ್ಮ ಮನೆಗಳು ಇನ್ನೂ ಕೈಬಿಟ್ಟಿಲ್ಲ. ಸಂಬಂಧ ಕುದುರಿಸುವಾಗ ಹುಡುಗನ ಶೀಲ, ದುಡಿಮೆ, ಭಕ್ತಿಗಳೆಲ್ಲ ಒಪ್ಪಿಗೆಯಾದ ಮೇಲೂ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುವುದುಂಟು: ಅವನ ತಂದೆ ನಿಜಕ್ಕೂ ಯಾರು? ಕೇಳುವವರು ಬಲಿಪೂಜೆ ತಪ್ಪಿಸದವರು.

ಇದಕ್ಕಿಂತ ಗಂಭೀರವಾದದ್ದು, ಈ ಭಯದಿಂದ ಕೆಲವು ತಾಯಂದಿರು ಮಗುವನ್ನು ಜ್ಞಾನಸ್ನಾನಕ್ಕೇ ಕರೆತರದಿರುವುದು. ಅಂಥವರ ಬಂಧುಗಳು ಈ ಅಂಕಣ ಓದುತ್ತಿದ್ದರೆ ದಯವಿಟ್ಟು ತಿಳಿಸಿರಿ. ಸಂಹಿತೆಯ 877ನೆಯ ನಿಯಮದ ಪ್ರಕಾರ, ಅವಿವಾಹಿತ ತಾಯಿ ತಾನಾಗಿಯೇ ಕೇಳಿಕೊಂಡರೆ ಅವಳ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ತಂದೆಯ ಹೆಸರು ಬರೆಯಲು ಸಾರ್ವಜನಿಕ ದಾಖಲೆ ಬೇಕು, ಇಲ್ಲವೇ ಅವನೇ ಧರ್ಮಕೇಂದ್ರದ ಗುರುವಿನ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಬೇಕು. ಎರಡೂ ಇಲ್ಲದಿದ್ದರೆ ತಂದೆಯ ಉಲ್ಲೇಖವಿಲ್ಲದೆಯೇ ಮಗುವಿನ ಹೆಸರು ದಾಖಲಾಗುತ್ತದೆ. ಊರಿನ ಊಹೆಯನ್ನು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ. ಸರ್ಕಾರಿ ಜನನ ಪತ್ರಕ್ಕೂ ತೊಂದರೆಯಿಲ್ಲ. ಕ್ರೈಸ್ತ ತಾಯಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಜುಲೈ 6ರಂದು ತೀರ್ಪಿತ್ತು, ಅವಿವಾಹಿತ ತಾಯಿ ಪ್ರಮಾಣಪತ್ರ ಸಲ್ಲಿಸಿದರೆ ಸಾಕು, ತಂದೆಯ ಹೆಸರು ಹೇಳೆಂದು ಅಧಿಕಾರಿಗಳು ಒತ್ತಾಯಿಸುವಂತಿಲ್ಲ ಎಂದಿದೆ. ತಾಯಿ ತನ್ನ ಹೆಸರು ಹೇಳಿದರೆ ಅದನ್ನು ಬರೆದುಕೊಳ್ಳುತ್ತೇವೆ.